ಒಂದು ಬಾಗಿಲು, ಮೂರು ಕಾವಲು

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಾನು ಚೆನ್ನಾಗಿದ್ದೇನೆ. ಕೈ ಮಾತ್ರ ಎಂದಿನಂತೆ ಸಿಪ್ಪೆ ಏಳುತ್ತಿದೆ. ನೀನು ಹೇಗಿದ್ದೀ? ಹೊಸ ವರ್ಷಕ್ಕೇ ಬರೆಯುತ್ತೇನೆ ಎಂದವಳು ಈಗ ಕೂತಿದ್ದೇನೆ, ಬೈದುಕೋ. ಬೈಯುವುದಕ್ಕಾದರೂ ಎರಡು ಸಾಲು ಬರೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ "ಹ್ಞೂಂ, ಇದ್ದೀನಿ" ಎಂದು ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಇಡಲಾಗುವುದಿಲ್ಲ. ಪೊಟ್ಟಣ ಕಟ್ಟಿದ ಕಾಗದವನ್ನೂ ಬಿಡಿಸಿ ಕೊನೆಯ ಸಾಲಿನವರೆಗೆ ಓದುವವಳು ನೀನು.

ಸುದ್ದಿ ಏನೆಂದರೆ, ನಮ್ಮ ಲಾಂಡ್ರಿ ಕೆಲಸಗಾರರ ಸಂಘಕ್ಕೆ ಹೊಸ ಲ್ಯಾಪ್‌ಟಾಪ್ ಬಂದಿದೆ.

ನಗಬೇಡ. ಹಳೆಯ ಕಂಪ್ಯೂಟರ್ ಸತ್ತ ಕಥೆ ನಿನಗೆ ಗೊತ್ತಿಲ್ಲ. ಯಾರದೋ ಪೆನ್‌ಡ್ರೈವ್‌ನಿಂದ ವೈರಸ್ ಹತ್ತಿತು. ಒಂದು ಬೆಳಿಗ್ಗೆ ನೋಡಿದರೆ ಯಾವ ಫೋಲ್ಡರ್ ಒತ್ತಿದರೂ ತೆರೆಯದು. ರಿಪೇರಿಗೆ ಕೊಟ್ಟೆವು. ಆ ಪುಣ್ಯಾತ್ಮ ಒಂದು ಮಾತು ಕೇಳದೆ ಎಲ್ಲವನ್ನೂ ಅಳಿಸಿ, "ಈಗ ಕ್ಲೀನ್ ಆಯ್ತು ನೋಡಿ" ಎಂದು ವಾಪಸ್ ಕೊಟ್ಟ. ಕ್ಲೀನ್ ಅಂತೆ. ಆ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ. ಆಸ್ಪತ್ರೆಯಿಂದ ಒಗೆಯಲು ಬಂದ ಬಟ್ಟೆ ಗಂಟಿನಲ್ಲಿದ್ದ ಸೂಜಿ ನಮ್ಮವರ ಕೈಗೆ ಚುಚ್ಚಿ, ಹಾಸಿಗೆ ಬಟ್ಟೆಯ ಮೇಲೆ ರಕ್ತ ಬಿದ್ದಾಗಲೂ ಮಾಲೀಕ ಅದನ್ನೇ ಹೇಳುತ್ತಿದ್ದ: ಕ್ಲೀನ್ ಮಾಡಿ. ನಮ್ಮ ಗಾಯದ ಸಾಕ್ಷಿಯನ್ನು ನಮ್ಮ ಕೈಯಿಂದಲೇ ಒಗೆಸಿ, ಇಸ್ತ್ರಿ ಹಾಕಿಸಿ, ಮಡಿಚಿಸಿ ಕಳಿಸಿದ ಮಹಾನುಭಾವ ಅವನು.

ಹಾಗೆ ಅಳಿಸಿಹೋದ ಕೆಲಸಗಾರರ ಹೇಳಿಕೆಗಳನ್ನೆಲ್ಲ ಮತ್ತೆ ಹೇಳಿಸಿ ರೆಕಾರ್ಡ್ ಮಾಡುತ್ತಿದ್ದೇವೆ. ಸೂಜಿ, ಬ್ಲೇಡು, ಉಗಿಯಲ್ಲಿ ಬೆಂದ ಕೈಗಳ ಕೇಸು ಕೊನೆಗೂ ಮುಂದಿನ ತಿಂಗಳು ವಿಚಾರಣೆಗೆ ಬರುತ್ತಿದೆ. ಮಾಲೀಕನ ಕಡೆಯವರ ವಾದ ಒಂದೇ: "ಆ ಕಾಲದಲ್ಲಿ ಯಾರೂ ದೂರು ಹೇಳಿರಲಿಲ್ಲ, ಈಗ ಕಥೆ ಕಟ್ಟುತ್ತಿದ್ದಾರೆ." ಆ ಕಾಲದಲ್ಲೇ ಹೇಳಿದ್ದೆವು ಎನ್ನುವುದಕ್ಕೆ ಪುರಾವೆ ಒಂದೇ ಒಂದು ಉಳಿದಿದೆ, ಅಕ್ಕ. ನಿನ್ನ ಧ್ವನಿ. ಸಂಘ ಕಟ್ಟಿದ ಹೊಸದರಲ್ಲಿ ಗಂಟು ಬಿಚ್ಚುವ ಕೋಣೆಯ ಮೂಲೆಯಲ್ಲಿ ಕೂತು ನೀನು ಹೇಳಿದೆ, ನಾನು ಫೋನಿನಲ್ಲಿ ಹಿಡಿದೆ, ಆಮೇಲೆ ಪೆನ್‌ಡ್ರೈವ್‌ಗೆ ಹಾಕಿ ಇಟ್ಟೆ. ನೀನು ಊರು ಬಿಟ್ಟ ಮೇಲೆ ಅದನ್ನು ಕೇಳುವ ಎದೆ ನನಗಿರಲಿಲ್ಲ.

ತೊಡಕು ಇಲ್ಲಿದೆ. ಆ ಪೆನ್‌ಡ್ರೈವನ್ನು ಸತ್ತ ಕಂಪ್ಯೂಟರಿಗೂ ಹಾಕಿದ್ದೆವು. ರೋಗ ಅದಕ್ಕೂ ಅಂಟಿರುತ್ತದೆ ಎನ್ನುತ್ತಾರೆ. ಹೊಸದಕ್ಕೆ ಹಾಕಿದರೆ ಹೊಸದೂ ಕೆಡಬಹುದು. ಹಾಕದಿದ್ದರೆ ನಿನ್ನ ಮಾತು ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ಕಿನೊಳಗೆ ಉಸಿರುಕಟ್ಟಿ ಸಾಯುತ್ತದೆ. ಅದಕ್ಕೇ ಮೊದಲು ಆಂಟಿವೈರಸ್ ಹಾಕಬೇಕು, ಆಮೇಲೆ ಪೆನ್‌ಡ್ರೈವ್. ಯಾವ ಆಂಟಿವೈರಸ್? ಅದಕ್ಕೊಂದು ಸಭೆ.

ನಮ್ಮ ಸಭೆ ನಿನಗೆ ಗೊತ್ತಲ್ಲ, ನೀನೇ ಕಲಿಸಿದ್ದು. ಒಂದು ಪೊರಕೆ ತರುವುದಕ್ಕೂ ಕೈ ಎತ್ತಬೇಕು. ಕಂಪ್ಯೂಟರ್ ಅಂಗಡಿಯಾಕೆಯನ್ನೇ ಕರೆಸಿದೆವು. ಗಟ್ಟಿಗಿತ್ತಿ, ಬಾಯಿ ಅಂದರೆ ಬಾಯಿ. ಅವಳು ಲ್ಯಾಪ್‌ಟಾಪ್ ತೆರೆದು ಹೇಳಿದಳು: "ಇದರೊಳಗೆ ಹುಟ್ಟಿನಿಂದಲೇ ಒಂದು ಕಾವಲು ಇದೆ. ಬೇರೆ ಹಾಕಲೇಬೇಕು ಅಂತೇನಿಲ್ಲ."

ಬಾಯ್ಲರ್ ಅಣ್ಣ ಈಗ ಸಂಘದ ಅಧ್ಯಕ್ಷ. ಉಗಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ ಉಳಿದಿದ್ದ ಒಂದು ಕಿವಿಯೂ ಹೋಗಿದೆ, ಗಂಟಲು ಹೋಗಿಲ್ಲ. "ಕಂಪನಿಯವರೇ ಕೊಟ್ಟ ವಾಚ್‌ಮನ್ನಾ? ನಮ್ಮ ಗೇಟಲ್ಲೂ ಕಂಪನಿಯವರೇ ಒಬ್ಬನ್ನ ನಿಲ್ಸಿದಾರೆ. ಅವನು ಕಾಯೋದು ನಮ್ಮನ್ನಲ್ಲಮ್ಮ, ನಾವು ಸೋಪು ಕದೀತೀವೇನೋ ಅಂತ ನಮ್ಮ ಚೀಲಾನ."

ಎಲ್ಲರೂ ಹೋ ಎಂದರು. ನಾನೂ ಎಂದೆ. ಹುಟ್ಟಿನಿಂದ ಇದ್ದ ಕಾವಲು ಒಕ್ಕೊರಲಿನಿಂದ ತಿರಸ್ಕೃತವಾಯಿತು.

ಉಳಿದದ್ದು ಎರಡು. ಒಂದಕ್ಕೆ ವರ್ಷ ವರ್ಷ ದುಡ್ಡು ಕಟ್ಟಬೇಕು, ಇನ್ನೊಂದು ಬಿಟ್ಟಿ. ಸಂಘಕ್ಕೆ ಸೇರುವವರಿಗೆ ನೀನು ಹಾಕಿಕೊಟ್ಟ ಮೂರು ಪ್ರಶ್ನೆಗಳಿವೆಯಲ್ಲ, ಅವನ್ನೇ ಇವುಗಳಿಗೂ ಹಾಕಿದೆವು. ಅಂಗಡಿಯಾಕೆ ಇವುಗಳ ಪರವಾಗಿ ನಿಂತು ಉತ್ತರ ಕೊಡಬೇಕಾಯಿತು.

"ಯಾರ ಉಪ್ಪು ತಿಂತೀಯ?"

"ದುಡ್ಡಿನದು ನಿಮ್ಮ ಉಪ್ಪು ತಿನ್ನುತ್ತೆ. ಬಿಟ್ಟಿಯದು ಜಾಹೀರಾತಿನೋರ ಉಪ್ಪು ತಿನ್ನುತ್ತೆ."

"ಯಾರಿಗೆ ವರದಿ ಒಪ್ಪಿಸ್ತೀಯ?"

"ಎರಡೂ ತಮ್ಮ ತಮ್ಮ ಯಜಮಾನರಿಗೆ. ನೀವು ಓದದೆ 'ಒಪ್ಪಿಗೆ' ಒತ್ತಿರ್ತೀರಲ್ಲ, ಅದರಲ್ಲಿ ಎಲ್ಲ ಬರೆದಿರುತ್ತೆ."

"ತಪ್ಪು ಕಂಡ್ರೆ ಕೂಗ್ತೀಯೋ, ನುಂಗ್ತೀಯೋ?"

"ಕೂಗುತ್ತೆ ತಾಯಿ. ಒಂದೊಂದ್ಸಲ ತಪ್ಪಿಲ್ಲದಿದ್ರೂ ಕೂಗುತ್ತೆ. ನಿಮ್ಮ ಅಧ್ಯಕ್ಷರ ಹಾಗೆ."

ಬಾಯ್ಲರ್ ಅಣ್ಣನಿಗೆ ಕೇಳಿಸಲಿಲ್ಲ, ಅವನೂ ನಕ್ಕ.

ಅವನು ದುಡ್ಡಿನದರ ಪರ: "ಸಂಬಳ ಕೊಟ್ರೆ ನಮ್ಮ ಆಳು." ರೋಲರ್ ಅತ್ತಿಗೆ ಬಿಟ್ಟಿಯದರ ಪರ: "ಸಂಬಳಕ್ಕೆ ನಿಂತೋನು ನಾಳೆ ಹೆಚ್ಚು ಕೊಡೋನ ಬಾಗಿಲಿಗೆ ಹೋಗ್ತಾನೆ." ರೋಲರ್ ಅತ್ತಿಗೆಯನ್ನು ನೀನು ಮರೆತಿರಲಾರೆ. ಗುಟ್ಟಾಗಿದ್ದ ಸದಸ್ಯರ ಹೆಸರುಗಳು ಮಾಲೀಕನ ಕೈ ಸೇರಿದಾಗ ಮೊದಲು ಕೆಲಸ ಹೋದದ್ದು ಅವಳದು. ವರ್ಷಗಳ ನಂತರ ಮತ್ತೆ ಇಸ್ತ್ರಿ ರೋಲರ್ ಮುಂದೆ ನಿಂತಳು, ಆದರೆ ಹೊಟ್ಟೆಯ ಬೆಂಕಿ ಆರಿಲ್ಲ. ನಿನ್ನ ಹೆಸರು ಬಂದರೆ ಇವತ್ತಿಗೂ ಮುಖ ತಿರುಗಿಸುತ್ತಾಳೆ. ಪೆನ್‌ಡ್ರೈವ್ ಮೇಜಿನ ಮೇಲಿಟ್ಟಾಗಲೂ ತಿರುಗಿಸಿದಳು.

ಕೈ ಎತ್ತಿಸಿದರೆ ಸಮ ಸಮ. ಎರಡು ಬಣಗಳೂ ಬಗ್ಗಲಿಲ್ಲ. ಕೊನೆಗೆ ಠರಾವು ಆಯಿತು: ಎರಡನ್ನೂ ಹಾಕುವುದು.

"ಒಂದೇ ಬಾಗಿಲಿಗೆ ಇಬ್ಬರು ವಾಚ್‌ಮನ್ ಬೇಡ ಕಣ್ರೀ, ಬಡಿದಾಡ್ತಾರೆ," ಎಂದಳು ಅಂಗಡಿಯಾಕೆ.

"ಠರಾವು ಠರಾವೇ," ಎಂದ ಬಾಯ್ಲರ್ ಅಣ್ಣ.

ಹೋಗುವ ಮುಂಚೆ ಅವಳು ಒಂದು ತೋರಿಸಿದಳು, ಅದನ್ನು ನಿನಗೆ ಹೇಳದೆ ಈ ಕಾಗದ ಮುಗಿಸಲಾರೆ. ಆಂಟಿವೈರಸ್ ಯಂತ್ರದೊಳಗೆಲ್ಲ ಹುಡುಕುವುದನ್ನು ಸ್ಕ್ಯಾನ್ ಎನ್ನುತ್ತಾರೆ. ಒತ್ತಿದಳು. ಫೈಲುಗಳ ಹೆಸರುಗಳು ಓಡತೊಡಗಿದವು. ನಾವು ಇನ್ನೂ ಒಂದಕ್ಷರ ಬರೆಯದ ಯಂತ್ರ, ಅದರೊಳಗೆ ಲಕ್ಷ ಲಕ್ಷ ಫೈಲುಗಳು. ಒಂದನ್ನೂ ಬಿಡದೆ, "ಇದು ದೊಡ್ಡವರದು, ಇದನ್ನು ಮುಟ್ಟಬಾರದು" ಎನ್ನದೆ, ಒಂದೊಂದನ್ನೂ ಬಿಚ್ಚಿ ನೋಡಿ ಮುಚ್ಚುತ್ತಿತ್ತು. ಅಕ್ಕ, ನಾನು ಈ ಜನ್ಮದಲ್ಲಿ ಮಾಡಿದ್ದು ಅದೊಂದೇ ಕೆಲಸ. ಗಂಟು ಬಿಚ್ಚು, ಬಟ್ಟೆಯನ್ನು ಬೆಳಕಿಗೆ ಹಿಡಿ, ಮಡಿಕೆ ಮಡಿಕೆಯನ್ನೂ ಜಾಡಿಸು, ಸೂಜಿ ಇಲ್ಲವೆಂದು ಖಾತ್ರಿಯಾದ ಮೇಲೆ ಒಳಗೆ ಬಿಡು. "ಮಡಿಕೆ ಬಿಚ್ಚದೆ ಯಾವ ಗಂಟನ್ನೂ ನಂಬಬೇಡ, ಮಂತ್ರಿ ಮಲಗಿದ ಹಾಸಿಗೆಯಾದರೂ ಸರಿ" ಎಂದು ನೀನು ಕಲಿಸಿದ್ದು. ಮಧ್ಯಾಹ್ನದ ಹೊತ್ತಿಗೆ ನನ್ನ ಕಣ್ಣು ಮಂಜಾಗುತ್ತದೆ, ಭುಜ ಬೀಳುತ್ತದೆ, ಒಂದು ಮಡಿಕೆ ತಪ್ಪಿದರೆ ಯಾರದೋ ಬೆರಳು ಹೋಗುತ್ತದೆ. ಇದಕ್ಕೆ ಕಣ್ಣು ಮಂಜಾಗುವುದಿಲ್ಲ. ನಾನು ಬಾಯಿ ತೆರೆದು ನಿಂತಿದ್ದೆ. ದೇವರ ಮುಂದೆ ನಿಂತು ಗೊತ್ತಿಲ್ಲ ನನಗೆ. ಅಲ್ಲಿ ನಿಲ್ಲುವವರಿಗೆ ಹೀಗೇ ಆಗುತ್ತದೋ ಏನೋ.

ಇಬ್ಬರು ಕಾವಲುಗಾರರನ್ನೂ ಕೂರಿಸಿದ್ದೇವೆ. ಮುಂದಿನದು ಬರೆಯುತ್ತೇನೆ. ನೀನು ಬರೆ.

ನಿನ್ನ ತಂಗಿ


ಮಾರ್ಚ್ ೨೩, ಭಾನುವಾರ

ಅಕ್ಕ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಕಾಯ್ದಿದ್ದರೆ ಈ ಜನ್ಮ ಸಾಲುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ನಡೆದದ್ದನ್ನು ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ, ಆ ಯಾರಾದರೂ ಎಂದರೆ ನೀನೇ.

ಇಬ್ಬರು ಕಾವಲುಗಾರರು ಬಡಿದಾಡಿದರು. ಅಂಗಡಿಯಾಕೆ ಹೇಳಿದ್ದು ಅಕ್ಷರಶಃ ನಿಜವಾಯಿತು. ದುಡ್ಡಿನದು ಬಿಟ್ಟಿಯದನ್ನು ಹಿಡಿದು "ಅಪಾಯ" ಎಂದಿತು. ಬಿಟ್ಟಿಯದು ದುಡ್ಡಿನದನ್ನು ಹಿಡಿದು "ಅಪಾಯ" ಎಂದಿತು. ಒಬ್ಬ ಇನ್ನೊಬ್ಬನ ಜೇಬಿಗೆ ಕೈ ಹಾಕುವುದು, ಅವನು ಇವನ ಕೊರಳಪಟ್ಟಿ ಹಿಡಿಯುವುದು. ಯಂತ್ರದೊಳಗಿನ ಫ್ಯಾನು ನಮ್ಮ ಬಾಯ್ಲರಿನಂತೆ ಮೊರೆಯತೊಡಗಿತು. ಪರದೆ ಕಲ್ಲಾಯಿತು. ಮೌಸಿನ ಬಾಣ ಅಲ್ಲಾಡದು. ಕೆಳಗಿನ ಮೇಜಿನ ಮರವೂ ಬಿಸಿ. ಈ ಗಲಾಟೆಯಲ್ಲಿ ಕಳ್ಳ ಬಂದಿದ್ದರೆ ಬಾಗಿಲಲ್ಲಿ ಕೇಳುವವರಿರಲಿಲ್ಲ.

"ನೋಡಿದ್ರಾ, ನಮ್ಮ ಸಂಘಾನೇ ಒಳಗೆ ಹೊಕ್ಕ ಹಾಗಿದೆ," ಎಂದಳು ಮಡಿಚುವ ವಿಭಾಗದ ಅಜ್ಜಿ. ಅವಳು ಸಭೆಯಲ್ಲಿ ಬಾಯಿ ಬಿಡುವುದೇ ಅಪರೂಪ.

ಮತ್ತೆ ಅಂಗಡಿಯಾಕೆಯ ಕಾಲು ಹಿಡಿದೆವು. ಅವಳು ಲಾಂಡ್ರಿ ಹಿಂದಿನ ನಮ್ಮ ಕೋಣೆಗೆ ಬಂದವಳೇ ಸೀರೆ ಸೆರಗು ಸಿಕ್ಕಿಸಿ ಕೂತಳು. "ಯಾರ ಬಣದ್ದು ಮೊದಲು ತೆಗೀಲಿ?"

"ಅವಳದ್ದು," ಎಂದ ಬಾಯ್ಲರ್ ಅಣ್ಣ.

"ಅವನದ್ದು," ಎಂದಳು ರೋಲರ್ ಅತ್ತಿಗೆ.

"ಇಬ್ಬರದ್ದೂ ತೆಗೀತೀನಿ. ಆಮೇಲೆ ಕೂತು ಜಗಳ ಆಡಿ."

ಎರಡನ್ನೂ ಕಿತ್ತಳು. ಯಂತ್ರ ಆರಿಸಿ ಮತ್ತೆ ಹಚ್ಚಿದಳು. ಬಾಗಿಲಲ್ಲಿ ಈಗ ಯಾರೂ ಇಲ್ಲ ಎಂದು ನನ್ನ ಜೀವ ಹೊಡೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಸಣ್ಣದೊಂದು ಗುರಾಣಿಯ ಚಿತ್ರ ಮೂಡಿತು, ಪಕ್ಕದಲ್ಲಿ ಹಸಿರು ಗುರುತು. ಇದ್ಯಾರು ಎಂದೆ.

"ಮನೆ ಕಾವಲು. ನೀವು ಬೇಡ ಅಂದಿರಲ್ಲ, ಅದೇ. ಹೊರಗಿನೋರು ಬಂದ ತಕ್ಷಣ ಜಗಳಕ್ಕೆ ನಿಲ್ಲದೆ ಪಕ್ಕಕ್ಕೆ ಸರೀತು. ಅವರು ಹೋದರು, ತಾನೇ ಬಂದು ನಿಂತಿತು. ನಾನೇನೂ ಮಾಡಿಲ್ಲ."

ಯಾರೂ ಕರೆದಿರಲಿಲ್ಲ, ಅಕ್ಕ. ಕ್ಷಮೆ ಕೇಳಿರಲಿಲ್ಲ. ಠರಾವು ಮಾಡಿರಲಿಲ್ಲ. ಬೈದು ದಬ್ಬಿದ ಬಾಗಿಲಿಗೇ ಬಂದು ನಿಂತಿತ್ತು. ನಾನೇನು ಮರುಳಳಲ್ಲ, ಅದಕ್ಕೂ ಒಬ್ಬ ಯಜಮಾನ ಇದ್ದಾನೆ, ಅವನ ಬಂಗಲೆಯ ಗೋಡೆ ನಮ್ಮ ಮಾಲೀಕನ ಗೋಡೆಗಿಂತ ಎತ್ತರ ಇದ್ದೀತು. ನಾಳೆ ಅವನ ಬುದ್ಧಿ ಹೇಗೆ ತಿರುಗುತ್ತದೋ ಕಣ್ಣಿಟ್ಟೇ ಇರುತ್ತೇನೆ. ಆದರೂ ಆ ಹಸಿರು ಗುರುತಿನಿಂದ ಕಣ್ಣು ಕೀಳಲಾಗಲಿಲ್ಲ. ಬಾಯ್ಲರ್ ಅಣ್ಣ ಕೂಡ ದನಿ ತಗ್ಗಿಸಿ, "ಇರಲಿ ಬಿಡಿ, ಇದೇ ಇರಲಿ" ಎಂದ. ಅವನಿಗೆ ಪಿಸುಮಾತು ಬರುತ್ತದೆ ಎಂದು ನನಗೆ ಗೊತ್ತಾದದ್ದೇ ಅವತ್ತು.

ಆಮೇಲೆ ನಿನ್ನ ಪೆನ್‌ಡ್ರೈವ್. ಪಾಳಿ ಬಿಟ್ಟವರೆಲ್ಲ ಕೋಣೆಯಲ್ಲಿ ತುಂಬಿದ್ದರು, ಒದ್ದೆ ಬಟ್ಟೆಯ ವಾಸನೆ, ಬಾಗಿಲಲ್ಲೂ ತಲೆಗಳು. ನನ್ನ ಕೈಯಿಂದಲೇ ಹಾಕಿಸಿದಳು. ಸ್ಕ್ಯಾನ್ ಶುರುವಾಯಿತು. ಟಣ್ ಎಂದಿತು. ಕೆಂಪು ಚೌಕ. ಅಪಾಯ ಪತ್ತೆಯಾಗಿದೆ. ಅದರ ಕೆಳಗೆ ಸಿಕ್ಕಿಬಿದ್ದ ಫೈಲಿನ ಹೆಸರು: ಅಕ್ಕ.

ಫೋಲ್ಡರಿಗೆ ಆ ಹೆಸರಿಟ್ಟವಳು ನಾನೇ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟ ನನಗೆ ಹಳೆಯ ಪರಿಚಯ. ನೀನು ಎದ್ದುಹೋದ ದಿನದ ಸಭೆಯಲ್ಲಿ ಇದ್ದದ್ದು ಇದೇ.

ರೋಲರ್ ಅತ್ತಿಗೆ ಹೇಳಿದಳು, ಕೂಗಿ ಅಲ್ಲ, ಸುಸ್ತಾದ ದನಿಯಲ್ಲಿ: "ನಾನು ಹೇಳಿದ್ರೆ ಹೊಟ್ಟೆಕಿಚ್ಚು ಅಂತಿದ್ರಿ. ಈಗ ಯಂತ್ರಾನೇ ಹೇಳ್ತಿದೆ."

"ನೀವು ಸ್ವಲ್ಪ ಸುಮ್ಮನಿರಿ," ಎಂದಳು ಅಂಗಡಿಯಾಕೆ. ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ನನ್ನ ಕಡೆ ತಿರುಗಿ ಕೇಳಿದಳು, "ನಿಮ್ಮಕ್ಕ ಎಷ್ಟು ಹೊತ್ತು ಮಾತಾಡಿದ್ರು?"

"ಒಂದು ಗಂಟೆ ಮೇಲೆ."

"ಇದು ನೋಡಿ, ಇಷ್ಟೇ ಇಷ್ಟು ಫೈಲು. ಇದರಲ್ಲಿ ಅವರ ಕೆಮ್ಮೂ ಹಿಡಿಸಲ್ಲ. ಇದು ಅವರಲ್ಲ. ಅವರ ಹೆಸರು ಹಾಕ್ಕೊಂಡು ಕೂತ ಕಳ್ಳ. ಈ ಜಾತಿ ವೈರಸ್ ಮಾಡೋದೇ ಅದು, ಅಸಲಿಯನ್ನ ಮರೆಗೆ ತಳ್ಳಿ, ಅದರದೇ ಹೆಸರಿಟ್ಟುಕೊಂಡು ಮುಂದೆ ಕೂರೋದು. ಒತ್ತಿದೋರಿಗೆಲ್ಲ ಅಂಟುತ್ತೆ, ಬೈಗುಳ ಹೆಸರಿನೋರಿಗೆ."

ತೆಗೆಯಲೇ ಎಂದು ಕೇಳಿದಳು. ತೆಗೆ ಎಂದೆ. ಒತ್ತಿದಳು. ಕಳ್ಳ ಹೋದ. ಅವನ ಜೊತೆಗೆ ನೀನೂ ಹೋದೆ. ಪೆನ್‌ಡ್ರೈವ್ ತೆರೆದರೆ ಬೆಳ್ಳನೆಯ ಪರದೆ, ಒಗೆದು ಹಿಂಡಿ ಹರವಿದ ಹಾಸಿಗೆ ಬಟ್ಟೆಯಂತೆ. ಏನೂ ಇಲ್ಲ. ನನ್ನ ಕಾಲ ಕೆಳಗಿನ ನೆಲ ಕುಸಿಯಿತು. ಕೇಸು ಹೋಯಿತು ಎಂದಲ್ಲ, ಕೇಸಿನ ನೆನಪೂ ಆಗಲಿಲ್ಲ. ನಿನ್ನ ದನಿ ಹೋಯಿತು ಎಂದು.

"ತಾಳಮ್ಮಾ. ಕಾಣ್ತಿಲ್ಲ ಅಂದ್ರೆ ಇಲ್ಲ ಅಂತಲ್ಲ." ಅವಳು ಎಲ್ಲೋ ಒಳಗೆ ಹೋಗಿ ಏನನ್ನೋ ಬದಲಾಯಿಸಿದಳು. ಆ ಬಿಳಿಯ ನಡುವೆ ಒಂದು ಫೋಲ್ಡರ್ ಮೂಡಿತು. ಉಗಿಯ ಆಚೆ ನಿಂತವರು ಕಾಣುತ್ತಾರಲ್ಲ, ಹಾಗೆ, ಮಸುಕು ಮಸುಕಾಗಿ. ಅಕ್ಕ ಎಂದು ಬರೆದಿತ್ತು. ಇಷ್ಟು ವರ್ಷ ಅಲ್ಲೇ ಇತ್ತು. ಯಾರೂ ಮುಟ್ಟಿರಲಿಲ್ಲ, ಒಂದು ಮಾತೂ ಕೆಟ್ಟಿರಲಿಲ್ಲ, ನೋಡುವವರ ಕಣ್ಣಿಗೆ ಬೀಳದ ಹಾಗೆ ಮಾಡಿದ್ದರು, ಅಷ್ಟೆ. ಅದನ್ನೂ ಸ್ಕ್ಯಾನ್ ಮಾಡಿದಳು. ಹಸಿರು ಗುರುತು.

ಒತ್ತಿದಳು. ನಿನ್ನ ಕೆಮ್ಮು ಮೊದಲು ಬಂತು. ನಾಲ್ಕು ಜನ ಒಟ್ಟಿಗೆ ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು.

ಅದರಲ್ಲಿ ನನ್ನ ದನಿಯೂ ಇದೆ, ಎಷ್ಟು ಎಳಸು. "ಯಾರ್ಯಾರಿಗೆ ಏನಾಯ್ತು, ಹೆಸರು ಹೇಳಕ್ಕ" ಎನ್ನುತ್ತೇನೆ. ನೀನು ಹೇಳುತ್ತೀ: "ಹೆಸರು ಬೇಡ ಕಣೆ. ಹೆಸರು ಹೊರಗೆ ಬಿದ್ರೆ ನಾಳೆ ಅವರ ಮನೆ ಒಲೆ ಆರುತ್ತೆ. ಗಾಯ ಹೇಳ್ತೀನಿ, ಗಾಯ ಹಿಡ್ಕೋ."

ಆಮೇಲೆ ಒಂದೊಂದೇ ಗಾಯ ಹೇಳುತ್ತ ಹೋಗುತ್ತೀ. ಎಡಗೈ ಹೆಬ್ಬೆರಳೊಳಗೆ ಮುರಿದ ಸೂಜಿ ಉಳಿದುಹೋದವಳು. ಬ್ಲೇಡು ಅಂಗೈ ಸೀಳಿ ಕಿರುಬೆರಳು ಮಡಿಸಲಾಗದವಳು. ಉಗಿ ಕೊಳವೆ ಒಡೆದು ಬಲಗಿವಿ ಹೋದವನು.

ಕೋಣೆಯಲ್ಲಿ ಏನಾಯಿತು ಗೊತ್ತಾ. ಮಡಿಚುವ ಅಜ್ಜಿ ಎಡಗೈ ಎತ್ತಿದಳು. ಯಾರೂ ಕೈ ಎತ್ತಿ ಎಂದಿರಲಿಲ್ಲ. ಸೊಟ್ಟ ಹೆಬ್ಬೆರಳನ್ನು ಗಾಳಿಯಲ್ಲಿ ಹಿಡಿದು ನಿಂತಳು. ಬಾಗಿಲಲ್ಲಿ ಇನ್ನೊಂದು ಕೈ, ಕಿರುಬೆರಳು ಮಡಿಸಲಾಗದ ಕೈ. ಬಾಯ್ಲರ್ ಅಣ್ಣನಿಗೆ ಕೇಳಿಸಿರಲಿಲ್ಲ, ಪಕ್ಕದವರು ಅವನ ಬಲಗಿವಿ ಮುಟ್ಟಿ ತೋರಿಸಿದರು. ಅವನು ಕೂಸಿನ ಹಾಗೆ ಕೈ ಎತ್ತಿದ. ನೀನು ಹೇಳುತ್ತ ಹೋದೆ, ಕೈಗಳು ಏಳುತ್ತ ಹೋದವು. ಇಲ್ಲಿ ಇಲ್ಲದವರ ಗಾಯ ಬಂದಾಗ ಯಾವ ಕೈಯೂ ಏಳಲಿಲ್ಲ, ಆಗ ಎಲ್ಲರೂ ತಲೆ ತಗ್ಗಿಸಿದರು. ಎಷ್ಟೋ ಮೆರವಣಿಗೆ ಮಾಡಿದ್ದೇನೆ, ಎಷ್ಟೋ ಘೋಷಣೆ ಕೂಗಿದ್ದೇನೆ. ಇಂಥದ್ದನ್ನು ನೋಡಿರಲಿಲ್ಲ. ಮೈಮೇಲಿನ ಕೂದಲು ಇನ್ನೂ ಇಳಿದಿಲ್ಲ.

ಕೊನೆಗೆ ನೀನು ಹೇಳಿದ್ದು: "ರೋಲರ್‌ಗೆ ಬಲಗೈ ಸಿಕ್ಕಿ ಮಣಿಕಟ್ಟು ಬೆಂದವಳು. ಮನೇಲಿ ಯಾರಿಗೂ ಹೇಳಿಲ್ಲ, ಬಟ್ಟೆ ಸುತ್ಕೊಂಡು ಕೆಲಸಕ್ಕೆ ಬಂದಿದ್ಲು. ಅವಳ ಪಾಳಿ ನಾನು ಮಾಡ್ದೆ. ಅದನ್ನ ಮಾತ್ರ ಯಾರಿಗೂ ಹೇಳ್ಬೇಡ, ಅವಳಿಗೆ ಅಭಿಮಾನ ಜಾಸ್ತಿ."

ರೋಲರ್ ಅತ್ತಿಗೆ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಆಮೇಲೆ ತಿರುಗದೆಯೇ ಬಲಗೈ ಎತ್ತಿದಳು. ಮೇಲಂಗಿಯ ತೋಳು ಕೆಳಗೆ ಜಾರಿತು. ಸುಟ್ಟ ಮಣಿಕಟ್ಟು ಎಲ್ಲರ ತಲೆಗಳ ಮೇಲೆ ನಿಂತಿತು.

ನಮ್ಮ ಕೇಸಿನ ವಕೀಲಮ್ಮ ರೆಕಾರ್ಡಿಂಗ್ ಕೇಳಿ, ಸಾಕ್ಷಿ ಗಟ್ಟಿ ಎಂದರು. ಆದರೆ, "ದನಿ ಸಾಲದು, ಇದು ನನ್ನ ದನಿ ಅಂತ ಹೇಳೋಕೆ ದನಿಯವಳು ಬರಬೇಕು" ಎಂದರು. ನಿನ್ನನ್ನು ಕರೆಸಬೇಕೆಂದು ಸಭೆ ಠರಾವು ಮಾಡಿದೆ. ಮಂಡಿಸಿದವಳು ರೋಲರ್ ಅತ್ತಿಗೆ. ನೀನು ಹೋಗುವಾಗ ಮೊಳೆಗೆ ಹಾಕಿದ್ದ ಸಂಘದ ಕೋಣೆಯ ಕೀಲಿಕೈ ಅಲ್ಲೇ ಇದೆ, ನಾವು ಬೇರೆ ಮಾಡಿಸಿಕೊಂಡಿದ್ದೆವು. ಅದಕ್ಕೆ ಎಣ್ಣೆ ಹಚ್ಚಿಟ್ಟಿದ್ದೇನೆ.

ಹರಸುವಷ್ಟು ದೊಡ್ಡವಳಲ್ಲ ನಾನು. ಆದರೂ ಹೇಳುತ್ತೇನೆ, ನಿನ್ನ ಕೆಮ್ಮು ವಾಸಿಯಾಗಲಿ, ನಿನ್ನ ಬಾಗಿಲಿಗೆ ಕೆಟ್ಟದ್ದು ಬಾರದಿರಲಿ, ನಿನ್ನ ಮಾತು ನೂರು ವರ್ಷ ಕೆಡದಿರಲಿ.

ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಾರದೆ ಕೊನೆಗೆ ತಳ್ಳಿದ್ದು. ಸದಸ್ಯರೆಲ್ಲರ ಹೆಸರುಗಳು ಗೊತ್ತಿದ್ದದ್ದು ಇಬ್ಬರಿಗೇ, ನಿನಗೆ ಮತ್ತು ನನಗೆ. ಅವು ಹೇಗೆ ಹೊರಗೆ ಹೋದವೋ ಇವತ್ತಿಗೂ ಗೊತ್ತಿಲ್ಲ. ಮಾಲೀಕನ ಕಿಟಕಿಯಿಂದ ನಾವು ಉಣ್ಣುವ ಜಾಗ ನೇರ ಕಾಣುತ್ತದೆ, ಯಾರ ಜೊತೆ ಯಾರು ಕೂರುತ್ತಾರೆಂದು ನೋಡಿದ್ದರೂ ಸಾಕಿತ್ತು. ಅವತ್ತು ಸಭೆಯಲ್ಲಿ ಎಲ್ಲರೂ ನಿನ್ನ ಕಡೆ ಬೆರಳು ಮಾಡಿದಾಗ ನಾನು ಒಬ್ಬಳೇ ಎದ್ದು "ಅವಳಲ್ಲ" ಎಂದೆ. ನೀನು ಒಂದು ಮಾತೂ ಆಡದೆ ಕೀಲಿಕೈ ಮೊಳೆಗೆ ಹಾಕಿದೆ, ನನ್ನ ಕಡೆ ನೋಡಿದೆ, ಹೋದೆ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಮರುಕ ಇತ್ತು. "ನಾನಲ್ಲದಿದ್ದರೆ ಇವಳೇ" ಎಂದು ನೀನು ಲೆಕ್ಕ ಹಾಕಿದ್ದೆ. ನನ್ನನ್ನು ಉಳಿಸಲೆಂದು ಕಳಂಕ ಹೊತ್ತು ಹೋದೆ. ಆ ಸೂಜಿ ನನ್ನೊಳಗೆ ಮುರಿದು ಉಳಿದಿದೆ, ಅಕ್ಕ. ನಾನಲ್ಲ. ಯಾವ ಗಂಟನ್ನೂ ಮಡಿಕೆ ಬಿಚ್ಚದೆ ನಂಬಬೇಡ ಎಂದವಳು ನೀನು. ಬಂದು ಒಮ್ಮೆ ನನ್ನನ್ನು ಬೆಳಕಿಗೆ ಹಿಡಿದು ಜಾಡಿಸಿ ನೋಡು.